ಹೆತ್ತವರು ಹೊರಗೆ ಕಾಯುವ ಹೊತ್ತು

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಮಗು ಏನು ಮಾಡಿದರೂ ತಾಯಿತಂದೆಗಳ ಕಣ್ಣಿಗೆ ಅದು ಚೆಂದ. ಆದ್ದರಿಂದಲೇ ಹೆತ್ತವರ ಹೊಗಳಿಕೆಯನ್ನು ಲೋಕ ಅಷ್ಟಾಗಿ ನಂಬುವುದಿಲ್ಲ. ತಾವೇ ಮನೆಯಲ್ಲಿ ಕೂರಿಸಿಕೊಂಡು ಪಾಠ ಹೇಳಿ, ತಾವೇ ಪರೀಕ್ಷೆ ಮಾಡಿ, ತಾವೇ ‘ಭೇಷ್’ ಎಂದರಂತೂ ಆ ಮಾತಿನ ಬೆಲೆ ಇನ್ನೂ ಕಡಿಮೆ. ಅಮೆರಿಕದಲ್ಲಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ತಾಯಿತಂದೆಗಳ ತೊಡಕು ಇದೇ. ಅಂಥ ಮನೆಯ ಹುಡುಗನೊಬ್ಬ ಸ್ಕೌಟ್ ಸೇರಿ, ಊರಿಗೆ ಉಪಯೋಗವಾಗುವ ಸೇವಾಕಾರ್ಯವೊಂದನ್ನು ಮುಗಿಸಿ ನಿಂತಾಗ ಹೆತ್ತವರಿಗಾಗುವ ಹೆಮ್ಮೆ ಮಾತ್ರ ಬೇರೆ ಬಗೆಯದು. ಅದೇಕೆಂದು ತಿಳಿಯಬೇಕಾದರೆ ಎರಡು ಇತಿಹಾಸಗಳನ್ನು ಒಟ್ಟಿಗೆ ನೋಡಬೇಕು. ಒಂದು ಮನೆಶಾಲೆಯದು, ಇನ್ನೊಂದು ಸ್ಕೌಟ್ ಸೇವಾಕಾರ್ಯದ್ದು. ನಮ್ಮ ಓದುಗರಲ್ಲಿ ಹಲವರ ಮಕ್ಕಳು, ಮೊಮ್ಮಕ್ಕಳು ಆ ದೇಶದಲ್ಲಿರುವುದರಿಂದ ಈ ವಿಚಾರ ನಮಗೆ ತೀರ ದೂರದ್ದೇನೂ ಅಲ್ಲ.

ಮನೆಯೇ ಶಾಲೆ

ಮನೆಶಾಲೆಯೆಂದರೆ ಸಂಜೆ ಹೇಳಿಸುವ ಟ್ಯೂಷನ್ ಅಲ್ಲ. ಶಾಲೆಯ ಬದಲಿಗೇ ಮನೆ. ಅಮೆರಿಕದಲ್ಲಿ ಶಾಲೆ ಕಡ್ಡಾಯವಾದದ್ದು ಒಂದೇ ಸಲಕ್ಕಲ್ಲ. 1852ರಲ್ಲಿ ಮೆಸಾಚುಸೆಟ್ಸ್ ರಾಜ್ಯ ಅಂಥ ಕಾನೂನನ್ನು ಮೊದಲು ಮಾಡಿತು. 1918ರಲ್ಲಿ ಮಿಸ್ಸಿಸ್ಸಿಪ್ಪಿ ಎಲ್ಲಕ್ಕೂ ಕಡೆಯದಾಗಿ ಅದೇ ದಾರಿ ಹಿಡಿಯಿತು. ಕಾನೂನು ಬಂದ ಮೇಲೆ ಮನೆಯಲ್ಲಿ ಕಲಿಸುವುದು ಅಪರೂಪವಾಯಿತು. ಕಲಿಸಹೊರಟವರು ಎಷ್ಟೋ ಕಡೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಶಾಲಾ ಶಿಕ್ಷಕರಾಗಿದ್ದ ಜಾನ್ ಹೋಲ್ಟ್ ಎಂಬವರು ಮಕ್ಕಳು ತರಗತಿಯಲ್ಲಿ ಹೇಗೆ ಸೋಲುತ್ತಾರೆ ಎಂಬುದನ್ನು ಕುರಿತು 1964ರಲ್ಲಿ ಒಂದು ಪುಸ್ತಕ ಬರೆದರು. ಶಾಲೆಯನ್ನು ಒಳಗಿನಿಂದಲೇ ತಿದ್ದಬಹುದೆಂಬ ಆಸೆ ಬತ್ತಿದ ಮೇಲೆ, 1977ರಲ್ಲಿ ಬಾಸ್ಟನ್ ನಗರದಿಂದ ಮನೆಯಲ್ಲಿ ಕಲಿಸುವ ಕುಟುಂಬಗಳಿಗಾಗಿ ಸಣ್ಣದೊಂದು ಪತ್ರಿಕೆ ಹೊರಡಿಸಿದರು. ಅವರದು ಒಂದು ದಾರಿ. ಧರ್ಮಶ್ರದ್ಧೆಯ ಕಾರಣದಿಂದ ಮಕ್ಕಳನ್ನು ಮನೆಯಲ್ಲಿರಿಸಿಕೊಂಡವರದು ಇನ್ನೊಂದು ದಾರಿ. ಈ ಕುಟುಂಬಗಳು ವರ್ಷಗಟ್ಟಲೆ ಹೋರಾಡಿದ್ದರ ಫಲವಾಗಿ 1993ರ ಹೊತ್ತಿಗೆ 50 ರಾಜ್ಯಗಳಲ್ಲೂ ಮನೆಶಾಲೆಗೆ ಕಾನೂನಿನ ಸಮ್ಮತಿ ದೊರೆಯಿತು. ಅಲ್ಲಿನ ಸರಕಾರದ ಅಂದಾಜಿನಂತೆ 1999ರಲ್ಲಿ ಹೀಗೆ ಕಲಿಯುತ್ತಿದ್ದ ಮಕ್ಕಳು ಸುಮಾರು 8.5 ಲಕ್ಷ, 2016ರಲ್ಲಿ ಸುಮಾರು 17 ಲಕ್ಷ.

ಕಾನೂನು ಒಪ್ಪಿದರೂ ನೆರೆಹೊರೆ ಕೇಳುವ ಪ್ರಶ್ನೆಯೊಂದು ಉಳಿದೇ ಇತ್ತು. ಲೆಕ್ಕ, ವ್ಯಾಕರಣವನ್ನು ತಾಯಿ ಕಲಿಸಿಯಾಳು. ನಾಲ್ಕು ಜನರೊಡನೆ ಬೆರೆತು ಬಾಳುವುದನ್ನು ಈ ಮಗು ಎಲ್ಲಿ ಕಲಿತೀತು? ಇದು ಕುಚೋದ್ಯದ ಪ್ರಶ್ನೆಯಲ್ಲ. ಇದಕ್ಕೆ ಉತ್ತರ ಹುಡುಕಿದ ಮನೆಗಳಲ್ಲಿ ಹಲವು ಸ್ಕೌಟ್ ದಳದ ಬಾಗಿಲು ತಟ್ಟಿದವು. ಅಮೆರಿಕದ ಸ್ಕೌಟ್ ದಳಗಳನ್ನು ಚರ್ಚುಗಳೂ ಊರಿನ ಸಂಘಗಳೂ ನಡೆಸುವುದರಿಂದ, ಸೇರಲು ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿರಬೇಕೆಂದಿಲ್ಲ.

ದಿನಕ್ಕೊಂದು ಒಳ್ಳೆಯ ಕೆಲಸ

ಸ್ಕೌಟ್ ಚಳವಳಿಯ ಹುಟ್ಟು ಇಂಗ್ಲೆಂಡಿನಲ್ಲಿ. 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ ಬ್ರೌನ್ಸೀ ದ್ವೀಪದಲ್ಲಿ ಸುಮಾರು 20 ಹುಡುಗರ ಶಿಬಿರ ನಡೆಸಿದರು. ಸಿರಿವಂತರ ಮಕ್ಕಳನ್ನೂ ದುಡಿಯುವವರ ಮಕ್ಕಳನ್ನೂ ಒಂದೇ ಡೇರೆಯ ಕೆಳಗೆ ಕೂಡಿಸಿದ್ದು ಅದರ ವಿಶೇಷ. ಮರುವರ್ಷ ಅವರ ಪುಸ್ತಕ ಬಂದ ಮೇಲೆ ಚಳವಳಿ ಕಾಡ್ಗಿಚ್ಚಿನಂತೆ ಹಬ್ಬಿತು.

ಅದು ಅಮೆರಿಕ ಮುಟ್ಟಿದ್ದು ಒಂದು ಸಣ್ಣ ಉಪಕಾರದ ನೆವದಿಂದ. 1909ರಲ್ಲಿ ವಿಲಿಯಂ ಬಾಯ್ಸ್ ಎಂಬ ಅಮೆರಿಕದ ಪತ್ರಿಕಾ ಪ್ರಕಾಶಕರಿಗೆ ಲಂಡನ್ನಿನ ಬೀದಿಯಲ್ಲಿ ದಾರಿ ತಪ್ಪಿತು. ಹುಡುಗನೊಬ್ಬ ದಾರಿ ತೋರಿಸಿದ. ಕೊಡಹೋದ ಕಾಸನ್ನು, ತಾನು ಸ್ಕೌಟ್, ಒಳ್ಳೆಯ ಕೆಲಸಕ್ಕೆ ಕೂಲಿ ತೆಗೆದುಕೊಳ್ಳುವುದಿಲ್ಲ ಎಂದು ನಿರಾಕರಿಸಿದ. ಆ ಕಥೆಗೆ ದಟ್ಟ ಮಂಜಿನ ವರ್ಣನೆ ಆಮೇಲೆ ಸೇರಿದ್ದೆಂದು ಹೇಳುವವರುಂಟು. ಮಂಜಿರಲಿ ಬಿಡಲಿ, ಬಾಯ್ಸ್ 1910ರ ಫೆಬ್ರವರಿ 8ರಂದು ಅಮೆರಿಕದ ಬಾಲ ಸ್ಕೌಟ್ ಸಂಸ್ಥೆಯನ್ನು ನೋಂದಾಯಿಸಿದ್ದಂತೂ ನಿಜ. ದಾರಿ ತೋರಿಸಿದ ಹುಡುಗನ ಹೆಸರು ಕೊನೆಗೂ ಯಾರಿಗೂ ತಿಳಿಯಲಿಲ್ಲ. ದಳವಿಲ್ಲದ ಹಳ್ಳಿಗಳ ಹುಡುಗರಿಗಾಗಿ ಬಾಯ್ಸ್ 1915ರಲ್ಲಿ ‘ಒಂಟಿ ಸ್ಕೌಟ್’ಗಳ ಬೇರೊಂದು ಸಂಸ್ಥೆಯನ್ನೂ ಕಟ್ಟಿದರು. ಅದು 1924ರಲ್ಲಿ ಮೂಲ ಸಂಸ್ಥೆಯಲ್ಲಿ ಲೀನವಾಯಿತು.

ಗರುಡ ಪದಕ ಮತ್ತು ಸೇವಾಕಾರ್ಯ

ಅಮೆರಿಕದ ಸ್ಕೌಟ್‌ಗಳಲ್ಲಿ ಅತ್ಯುನ್ನತ ದರ್ಜೆ ಈಗಲ್ ಸ್ಕೌಟ್. ನಾವು ಅದನ್ನು ಗರುಡ ಪದವಿ ಎನ್ನಬಹುದು. 1912ರಲ್ಲಿ ನ್ಯೂಯಾರ್ಕ್ ರಾಜ್ಯದ 17 ವರ್ಷದ ಆರ್ಥರ್ ಎಲ್ಡ್ರೆಡ್ ಅದನ್ನು ಮೊದಲು ಗಳಿಸಿದ. ಆಗ ಬೇಕಾಗಿದ್ದುದು 21 ಕೌಶಲ್ಯಗಳ ಬಿಲ್ಲೆಗಳು: ಈಜು, ಪ್ರಥಮ ಚಿಕಿತ್ಸೆ, ಅಡುಗೆ ಮುಂತಾದುವು. ಬಿಲ್ಲೆ ಗಳಿಸಿದರೆ ಹುಡುಗ ತಾನು ಗಟ್ಟಿಗನೆಂದು ತೋರಿಸಿದಂತಾಯಿತು. ಅದರಿಂದ ಊರಿಗೇನು ಎಂಬ ಪ್ರಶ್ನೆಗೆ ಅಲ್ಲಿ ಜಾಗ ಕಡಿಮೆ. 1965ರಲ್ಲಿ ನಿಯಮ ಬದಲಾಯಿತು. ಗರುಡನಾಗಬೇಕಾದವನು ಶಾಲೆಗೋ, ಪ್ರಾರ್ಥನಾಮಂದಿರಕ್ಕೋ, ಊರಿಗೋ ಉಪಯೋಗವಾಗುವ ಸೇವಾಕಾರ್ಯವೊಂದನ್ನು ತಾನೇ ಯೋಜಿಸಿ ನಡೆಸಬೇಕು ಎಂದಾಯಿತು. 1970ರ ದಶಕದಲ್ಲಿ ಇನ್ನೊಂದು ಮಾತು ಸೇರಿತು: ಅದನ್ನು ಒಬ್ಬನೇ ಮಾಡಿದರೆ ಸಾಲದು, ಇತರರ ಮುಂದಾಳಾಗಿ ಮಾಡಿಸಬೇಕು.

ಈ ಒಂದು ಮಾತಿನಿಂದ ಪರೀಕ್ಷೆಯ ಸ್ವರೂಪವೇ ಬದಲಾಯಿತೆಂದು ನಮಗೆ ತೋರುತ್ತದೆ. ಉದ್ಯಾನದಲ್ಲಿ ನಾಲ್ಕು ಬೆಂಚು ಹಾಕಿಸುವುದನ್ನೇ ತೆಗೆದುಕೊಳ್ಳಿ. ಮರಗೆಲಸ ಬಲ್ಲ ತಂದೆ ಎರಡು ಭಾನುವಾರಗಳಲ್ಲಿ ಮುಗಿಸಿಯಾನು. ಹುಡುಗ ಮಾತ್ರ ಮೊದಲು ಉದ್ಯಾನದ ಅಧಿಕಾರಿಯನ್ನು ಕಂಡು ಒಪ್ಪಿಸಬೇಕು. ಯೋಜನೆಯನ್ನು ಬರೆದು ದಳದ ನಾಯಕರಿಂದಲೂ ಮೇಲಿನ ಸಮಿತಿಯಿಂದಲೂ ಒಪ್ಪಿಗೆ ಪಡೆಯಬೇಕು. ಮರ, ಮೊಳೆ, ಹಣ ಹೊಂದಿಸಬೇಕು. ಬರುತ್ತೇನೆಂದು ಬಾರದೆ ಹೋದ ಗೆಳೆಯನ ಜಾಗಕ್ಕೆ ಇನ್ನೊಬ್ಬನನ್ನು ಕರೆತರಬೇಕು. ಕಡೆಗೆ ಲೆಕ್ಕಪತ್ರದೊಡನೆ ವರದಿ ಒಪ್ಪಿಸಬೇಕು. ಇಷ್ಟೇ ಗಂಟೆ ದುಡಿಯಬೇಕೆಂಬ ಕಟ್ಟಳೆಯಿಲ್ಲ. ಸ್ಕೌಟ್ ಸಂಸ್ಥೆಗೇ ಲಾಭವಾಗುವ ಕೆಲಸವಾಗಲಿ, ಅಂಗಡಿ ಕಾರಖಾನೆಗಳ ಕೆಲಸವಾಗಲಿ ನಡೆಯದು. 18 ತುಂಬುವುದರೊಳಗೆ ಎಲ್ಲ ಮುಗಿದಿರಬೇಕು.

ಕೊನೆಗೆ ಹಿರಿಯರ ಮಂಡಳಿಯೊಂದು ಹುಡುಗನನ್ನು ಕೂರಿಸಿಕೊಂಡು ವಿಚಾರಿಸುತ್ತದೆ. ಆ ಮಂಡಳಿಯಲ್ಲಿ ಅವನ ತಾಯಿತಂದೆ ಸದಸ್ಯರಾಗಿರುವಂತಿಲ್ಲ. ಮನೆಶಾಲೆಯ ತಾಯಿಯ ಪಾಡನ್ನು ಇಲ್ಲಿ ಊಹಿಸಿ. ಅಕ್ಷರ ತಿದ್ದಿಸಿದ ದಿನದಿಂದ ಮಗನ ಪಾಠಗಳನ್ನೆಲ್ಲ ನೋಡಿಕೊಂಡವಳು, ಈಗ ಬಾಗಿಲಾಚೆ ಕುರ್ಚಿಯ ಮೇಲೆ ಕಾದಿರಬೇಕು. ಒಳಗೆ ಕೇಳುವವರು ಬೇರೆಯವರು, ಉತ್ತರ ಹೇಳುವವನು ಅವನೊಬ್ಬನೇ. ಅವನು ಗೆದ್ದು ಹೊರಬಂದಾಗ ‘ಭೇಷ್’ ಎಂದವರು ಹೆತ್ತವರಲ್ಲ, ಊರಿನವರು. ಆ ಹೆಮ್ಮೆಗೆ ಹೆಗ್ಗಣದ ಗಾದೆ ತಾಗಲಾರದು. ಮುಂದೆ ಪದಕ ಪ್ರದಾನದ ಸಭೆಯಲ್ಲಿ ಮಗನೇ ತಾಯಿಯ ಉಡುಪಿಗೆ ಪುಟ್ಟ ಗರುಡದ ಪಿನ್ನೊಂದನ್ನು ಸಿಕ್ಕಿಸುವ ವಾಡಿಕೆಯುಂಟು. ಅಷ್ಟು ದಿನ ಮಗನಿಗೆ ಅಂಕ ಕೊಟ್ಟವಳಿಗೆ ಅಂದು ಮಗನ ಕೈಯಿಂದ ಬಹುಮಾನ.

2009ರ ಹೊತ್ತಿಗೆ ಗರುಡ ಪದವಿ ಪಡೆದವರ ಸಂಖ್ಯೆ 20 ಲಕ್ಷ ಮುಟ್ಟಿತು. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಅವರಲ್ಲೊಬ್ಬರು. 2019ರಿಂದ ಹುಡುಗಿಯರಿಗೂ ಈ ದಾರಿ ತೆರೆದಿದೆ. 2025ರಲ್ಲಿ ಸಂಸ್ಥೆಯ ಹೆಸರೇ ‘ಸ್ಕೌಟಿಂಗ್ ಅಮೆರಿಕ’ ಎಂದು ಬದಲಾಯಿತು.

ನಮ್ಮ ನಾಡಿನ ಕಡೆ

ಭಾರತದಲ್ಲಿ ಸ್ಕೌಟ್ ಮೊದಲು ಕಾಲೂರಿದ್ದು ನಮ್ಮ ಬೆಂಗಳೂರಿನಲ್ಲೇ. 1909ರಲ್ಲಿ ಕ್ಯಾಪ್ಟನ್ ಬೇಕರ್ ಬಿಷಪ್ ಕಾಟನ್ ಶಾಲೆಯಲ್ಲಿ ದಳವೊಂದನ್ನು ಆರಂಭಿಸಿದರು. ಆದರೆ ಆಗ ಭಾರತೀಯ ಹುಡುಗರಿಗೆ ಪ್ರವೇಶವಿರಲಿಲ್ಲ. ಆ ತಡೆಯನ್ನು ಒಪ್ಪದೆ ಆನಿ ಬೆಸಂಟರು ಮದರಾಸಿನಲ್ಲಿ ಭಾರತೀಯ ಬಾಲಕರಿಗಾಗಿ ಪ್ರತ್ಯೇಕ ಸಂಸ್ಥೆ ಕಟ್ಟಿದರು. 1918ರಲ್ಲಿ ಅಲಹಾಬಾದಿನಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಇವರ ಯತ್ನದಿಂದ ಸೇವಾ ಸಮಿತಿ ಸ್ಕೌಟ್ ಸಂಸ್ಥೆ ಹುಟ್ಟಿತು. ಅಮೆರಿಕದಲ್ಲಿ 1965ರಲ್ಲಿ ನಿಯಮವಾಗಿ ಬಂದ ಸೇವೆ ಇಲ್ಲಿ ಮೊದಲ ದಿನವೇ ಹೆಸರಿನಲ್ಲಿ ಕುಳಿತಿತ್ತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು ಬೇರೆ ಬೇರೆ ಸಂಸ್ಥೆಗಳು ಕೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ತರಗತಿಯ ಹೊರಗಿನ ಕಲಿಕೆಯೂ ನಮಗೆ ಹೊಸದಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳೊಡನೆ ನಡೆಸಿದ ಪ್ರಯೋಗಗಳನ್ನು ನೆನೆದರೆ ಸಾಕು.

ಇನ್ನು ಹೊರನಾಡಿನ ನಮ್ಮ ಮಾತು. ಗಣಿತ, ವಿಜ್ಞಾನಗಳಿಗೆ ನಮ್ಮ ಮಕ್ಕಳು ಶಾಲೆಗೆ ಹೋಗುತ್ತಾರೆ. ಆದರೆ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ಓದುವ ಈ ಮಕ್ಕಳಿಗೆ ಕನ್ನಡದ ಮಟ್ಟಿಗೆ ಮನೆಯೇ ಶಾಲೆ, ಅಮ್ಮನೇ ಮಾಸ್ತರು, ಅಜ್ಜಿಯೇ ಪಠ್ಯಪುಸ್ತಕ. ಹೀಗೆ ಒಂದು ವಿಷಯದಲ್ಲಿ ನಾವೆಲ್ಲರೂ ಮನೆಶಾಲೆಯವರೇ. ನಮ್ಮ ಮಗು ಚೆನ್ನಾಗಿ ಕನ್ನಡ ಮಾತಾಡುತ್ತದೆ ಎಂದು ನಾವು ಹೇಳಿಕೊಳ್ಳುವುದೂ ಮನೆಯ ಭೇಷೇ. ಅದು ಹೊರಗೆ ಸಲ್ಲುವ ನಾಣ್ಯವಾಗಬೇಕಾದರೆ ಮಕ್ಕಳು ಕನ್ನಡದಲ್ಲಿ ಒಂದು ಕೆಲಸವನ್ನು ಹೊತ್ತು ನಡೆಸಬೇಕು.

ಸಂಘಗಳ ಹಿರಿಯರ ಮುಂದೆ ಒಂದು ಸಲಹೆ ಇಡುತ್ತೇವೆ. ಮುಂದಿನ ರಾಜ್ಯೋತ್ಸವದ ಹೊತ್ತಿಗೆ 14ರಿಂದ 17 ವಯಸ್ಸಿನ ಹುಡುಗ ಹುಡುಗಿಯರಿಗೆ ಒಂದೊಂದು ಕೆಲಸ ಒಪ್ಪಿಸೋಣ. ಒಬ್ಬಳು ಸಂಘದ ಪುಸ್ತಕಗಳಿಗೆ ಕನ್ನಡದಲ್ಲಿ ಪಟ್ಟಿ ಮಾಡಿಸಲಿ. ಒಬ್ಬ ಐವತ್ತು ವರ್ಷಗಳ ಹಿಂದೆ ಊರು ಬಿಟ್ಟು ಬಂದ ಹಿರಿಯರ ನೆನಪುಗಳನ್ನು ಬರೆಯಿಸಲಿ. ಯೋಜನೆ ಅವರದು, ಕೂಡಿಸುವ ಗೆಳೆಯರು ಅವರವರು, ಲೆಕ್ಕವೂ ಅವರದೇ. ಮುಗಿದ ಮೇಲೆ ಸಂಘದ ಹಿರಿಯರು ನಾಲ್ವರು ಕುಳಿತು ಕನ್ನಡದಲ್ಲೇ ವಿಚಾರಿಸಲಿ. ಆ ಮಗುವಿನ ತಾಯಿತಂದೆ ಹೊರಗಿನ ಬೆಂಚಿನ ಮೇಲೆ ಕಾದಿರಲಿ. ಆಸಕ್ತಿಯುಳ್ಳ ಪೋಷಕರು ಕಾರ್ಯಕಾರಿ ಸಮಿತಿಗೆ ಹೆಸರು ಕೊಡುವಾಗ ಮಕ್ಕಳನ್ನೇ ಮುಂದೆ ಕಳಿಸಬೇಕೆಂದು ಕೋರುತ್ತೇವೆ.