ಬೆಕ್ಕಿನ ಕಣ್ಣು, ಬಾಗಿದ ಎಳೆ

ಹೋದ ತಿಂಗಳು ಚಳ್ಳಕೆರೆಯಲ್ಲಿ ನಮ್ಮ ಚಿಕ್ಕಮ್ಮನ ಮೊಮ್ಮಗಳ ಮೊದಲನೇ ಹುಟ್ಟುಹಬ್ಬ. ಫ್ಲ್ಯಾಶ್ ಹಾಕಿ ತೆಗೆದ ಒಂದು ಫೋಟೊದಲ್ಲಿ ಮಗುವಿನ ಒಂದು ಕಣ್ಣು ಕೆಂಪಗೆ, ಇನ್ನೊಂದು ಬೆಳ್ಳಗೆ ಹೊಳೀತಿತ್ತು. "ಬೆಕ್ಕಿನ ಕಣ್ಣು ಇದ್ದಂಗೈತೆ" ಅಂತ ಅಜ್ಜಿ ನಕ್ಕರು. ನಾನು ನಗಲಿಲ್ಲ.

ಯಾಕೆ ಅಂದ್ರೆ, ಸುಮಾರು 200 ವರ್ಷಗಳ ಹಿಂದೆ ವಿಯೆನ್ನಾದ ಕಣ್ಣಿನ ವೈದ್ಯ ಜಾರ್ಜ್ ಜೋಸೆಫ್ ಬೇರ್ ಕೂಡ ಇಂಥ ಬಿಳಿ ಹೊಳಪನ್ನು ಬೆಕ್ಕಿನ ಕಣ್ಣು ಅಂತಲೇ ಕರೆದಿದ್ದರು. ಅದರ ಹಿಂದೆ ಇರಬಹುದಾದ ಒಂದು ಕಾಯಿಲೆಯ ಹೆಸರು ರೆಟಿನೊಬ್ಲಾಸ್ಟೊಮಾ. ಪುಟ್ಟ ಮಕ್ಕಳ ಕಣ್ಣಿನ ಕ್ಯಾನ್ಸರ್. ಹುಟ್ಟುವ 15,000ದಿಂದ 20,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತೆ. 1809ರಲ್ಲೇ ಸ್ಕಾಟ್ಲೆಂಡಿನ ಜೇಮ್ಸ್ ವಾರ್ಡ್ರಾಪ್ ಇದು ರೆಟಿನಾದಲ್ಲಿ, ಅಂದ್ರೆ ಕಣ್ಣಿನ ಹಿಂಭಾಗದ ಪರದೆಯಲ್ಲಿ, ಹುಟ್ಟುವ ಗಡ್ಡೆ ಅಂತ ಬರೆದಿದ್ದರು. ಬೇಗ ಕಣ್ಣು ತೆಗೆದರೆ ಜೀವ ಉಳಿದೀತು ಅಂದಿದ್ದರು. ಅರಿವಳಿಕೆ ಇಲ್ಲದ ಕಾಲ ಅದು, ಯೋಚನೆ ಮಾಡಿ.

ಕಾರಣ ಗೊತ್ತಾಗೋಕೆ 1971 ಬರಬೇಕಾಯಿತು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಆಲ್ಫ್ರೆಡ್ ನಡ್ಸನ್ ಬರೀ 48 ಮಕ್ಕಳ ಕೇಸ್ ಶೀಟ್ ಇಟ್ಟುಕೊಂಡು ಲೆಕ್ಕ ಹಾಕಿದರು. ಎರಡೂ ಕಣ್ಣಿಗೆ ಬಂದ ಮಕ್ಕಳಲ್ಲಿ ಕಾಯಿಲೆ ಬೇಗ ಕಾಣಿಸಿಕೊಂಡಿತ್ತು, ಒಂದೇ ಕಣ್ಣಿಗೆ ಬಂದವರಲ್ಲಿ ತಡವಾಗಿ. ಸ್ಕೂಟರ್‌ಗೆ ಎರಡು ಬ್ರೇಕ್ ಇರುತ್ತಲ್ಲ, ಹಾಗೆ ಅಂದ್ಕೊಳ್ಳಿ. ಜೀವಕೋಶ ಹದ್ದು ಮೀರಿ ಬೆಳೆಯದಂತೆ ತಡೆಯೋಕೆ ಒಂದೇ ಜೀನ್‌ನ ಎರಡು ಪ್ರತಿಗಳಿವೆ. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಒಂದು ಬ್ರೇಕ್ ಕಿತ್ತಿರುತ್ತೆ, ಇನ್ನೊಂದು ಹೋದರೆ ಸಾಕು. ಉಳಿದವರಲ್ಲಿ ಎರಡೂ ಒಂದೇ ಕೋಶದಲ್ಲಿ ಹೋಗಬೇಕು. 1986ರಲ್ಲಿ ಆ ಜೀನ್ ಕೈಗೆ ಸಿಕ್ಕಿತು. ಕ್ಯಾನ್ಸರ್ ತಡೆಯುವ ಜೀನ್‌ಗಳಲ್ಲಿ ವಿಜ್ಞಾನಿಗಳು ಹಿಡಿದ ಮೊಟ್ಟಮೊದಲನೆಯದು ಅದು.

ಮಗುವನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿದ್ವಿ. ಏನೂ ಇರಲಿಲ್ಲ. ಫ್ಲ್ಯಾಶ್ ಬಿದ್ದ ಕೋನದಿಂದ ಬಂದ ಹೊಳಪು ಅಂದರು. ಚಿಕ್ಕಮ್ಮ ನನ್ನ ಮೇಲೆ ಎರಡು ದಿನ ಸಿಟ್ಟು ಮಾಡ್ಕೊಂಡಿದ್ದರು. ಮಾಡ್ಕೊಳ್ಳಲಿ. ಅಮೆರಿಕದ ರಸಾಯನಶಾಸ್ತ್ರಜ್ಞ ಬ್ರಯಾನ್ ಶಾ ಅವರ ಮಗನಿಗೆ ಇದೇ ಕ್ಯಾನ್ಸರ್ ಬಂದಿತ್ತು. ಹಳೇ ಫೋಟೊ ತೆಗೆದು ನೋಡಿದಾಗ ಎಷ್ಟೋ ಮೊದಲೇ ಬಿಳಿ ಹೊಳಪು ಕಾಣಿಸಿತ್ತು. ಆಮೇಲೆ ಅವರ ತಂಡ ಫೋನ್ ಫೋಟೊಗಳಲ್ಲಿ ಅದನ್ನು ಹುಡುಕುವ ಆಪ್ ಮಾಡಿತು.

ಆಸ್ಪತ್ರೆಯಿಂದ ವಾಪಸ್ ಬರುವಾಗ ಅಜ್ಜಿ ಮೆಲ್ಲಗೆ ಹೇಳಿದರು: "ನಿಮ್ ತಾತಂಗೂ ಹಿಂಗೇ ಬ್ಯಾಗ ತೋರಿಸಬೇಕಿತ್ತು."

ತಾತ ಮೊಳಕಾಲ್ಮೂರಿನ ನೇಕಾರ. ರೇಷ್ಮೆ ಸೀರೆ. 2008ರ ಸುಮಾರಿಗೆ, "ಹಾಸಿನ ಎಳೆ ನಡುವೆ ಬಾಗೈತೆ" ಅನ್ನೋಕೆ ಶುರು ಮಾಡಿದರು. ಮಗ್ಗ ಬಿಚ್ಚಿ ನೋಡಿದರು, ಎಳೆ ನೆಟ್ಟಗೇ ಇತ್ತು. ಎಲ್ಲರೂ ಪೊರೆ ಅಂದರು. ನಮ್ಮ ಕಡೆ ಕಣ್ಣು ಮಂಜಾದರೆ ಪೊರೆ ಅಂತಲೇ ಲೆಕ್ಕ. ಅದಕ್ಕೂ ಕಾರಣ ಇದೆ. ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ ದಾಖಲೆ ಇರುವ ಡಾ. ಎಂ.ಸಿ. ಮೋದಿ ಊರೂರಿಗೆ ಬಂದು ಶಿಬಿರ ಹಾಕಿದ ರಾಜ್ಯ ನಮ್ಮದು. ಶಿಬಿರ ಬರಲಿ ಅಂತ ತಾತ ಒಂದು ವರ್ಷ ಕಾದರು.

ಅದು ಪೊರೆ ಆಗಿರಲಿಲ್ಲ. ರೆಟಿನಾದ ನಟ್ಟನಡುವಿನ ಮ್ಯಾಕ್ಯುಲಾ ಸವೆದು, ಅದರಡಿ ಹೊಸ ರಕ್ತನಾಳ ಬೆಳೆದು ಸೋರುತ್ತಿತ್ತು. ಇದರ ಔಷಧಿಯ ಕಥೆಯೂ 1971ಕ್ಕೇ ಹೋಗುತ್ತೆ, ಅದೂ ಕ್ಯಾನ್ಸರ್‌ನಿಂದಲೇ. ಗಡ್ಡೆ ತನಗೆ ಬೇಕಾದ ರಕ್ತನಾಳಗಳನ್ನು ತಾನೇ ಕರೆಸಿಕೊಳ್ಳುತ್ತೆ, ಆ ಕರೆಯನ್ನೇ ತಡೆದರೆ ಗಡ್ಡೆ ಬೆಳೆಯಲ್ಲ ಅಂತ ಬಾಸ್ಟನ್‌ನ ಸರ್ಜನ್ ಜೂಡಾ ಫೋಕ್‌ಮನ್ ಆ ವರ್ಷ ಬರೆದರು. ಬಹಳ ಜನ ನಂಬಲಿಲ್ಲ. 1989ರಲ್ಲಿ ಆ ಕರೆ ಕಳಿಸುವ ಪ್ರೋಟೀನ್ ಸಿಕ್ಕಿತು. 2004ರಲ್ಲಿ ಅದನ್ನು ತಡೆಯುವ ಬೆವಾಸಿಜುಮ್ಯಾಬ್ ಕರುಳಿನ ಕ್ಯಾನ್ಸರ್‌ಗೆ ಮಂಜೂರಾಯಿತು. ಮರುವರ್ಷ ಮಯಾಮಿಯ ಕಣ್ಣಿನ ವೈದ್ಯ ಫಿಲಿಪ್ ರೋಸೆನ್‌ಫೆಲ್ಡ್ ಅದರದೇ ಒಂದು ಹನಿಯನ್ನು ಕಣ್ಣಿಗೆ ಚುಚ್ಚಿ ನೋಡಿದರು. ಸೋರಿಕೆ ತಗ್ಗಿತು. ಕಣ್ಣಿಗಂತಲೇ ಮಾಡಿದ ಔಷಧಿಗೆ 2011ರ ಹೊತ್ತಿಗೆ ಅಮೆರಿಕದಲ್ಲಿ ಒಂದು ಡೋಸ್‌ಗೆ ಸುಮಾರು 2,000 ಡಾಲರ್ ಇತ್ತು, ಇದಕ್ಕೆ ಸುಮಾರು 50. ಎರಡೂ ಹೆಚ್ಚುಕಡಿಮೆ ಒಂದೇ ಥರ ಕೆಲಸ ಮಾಡುತ್ತವೆ ಅಂತ 2011ರಲ್ಲಿ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಒಣ ನಮೂನೆಯ ಸವೆತಕ್ಕೆ ಈ ಇಂಜೆಕ್ಷನ್ ಆಗಲ್ಲ, ತಾತನದು ಒಣದ್ದಲ್ಲ. ಆದ್ರೆ ನಾವು ಹೋಗುವಷ್ಟರಲ್ಲಿ ಅಲ್ಲಿ ಕಲೆ ಕಟ್ಟಿತ್ತು. ಡಾಕ್ಟರು, "ಒಂದು ವರ್ಷ ಮುಂಚೆ ಬಂದಿದ್ರೆ" ಅಂತ ಹೇಳಿ ನಿಲ್ಲಿಸಿಬಿಟ್ಟರು.

ಅವತ್ತು ಅವರು ತಾತನ ಕೈಗೆ ಒಂದು ಚೀಟಿ ಕೊಟ್ಟಿದ್ದರು. ಚೌಕುಳಿ ಗೆರೆ, ನಡುವೆ ಒಂದು ಚುಕ್ಕೆ. ಸ್ವಿಟ್ಜರ್ಲೆಂಡಿನ ಮಾರ್ಕ್ ಆಮ್ಸ್ಲರ್ 1940ರ ದಶಕದಲ್ಲಿ ಬಳಕೆಗೆ ತಂದದ್ದು. ಒಂದು ಕಣ್ಣು ಮುಚ್ಚಿ ಚುಕ್ಕೆ ನೋಡಬೇಕು. ಗೆರೆ ಡೊಂಕಾಗಿ ಕಂಡರೆ ಕೂಡಲೇ ಡಾಕ್ಟರ ಹತ್ತಿರ ಹೋಗಬೇಕು. ತಾತ ಅದನ್ನು ಬೆರಳಲ್ಲಿ ಸವರಿ, "ಇದು ಬುಟ್ಟಾ ಬರೆಯೋ ಗ್ರಾಫ್ ಪೇಪರ್ ಅಲ್ವೇನೋ" ಅಂದರು. ನಮ್ಮ ಮನೆ ಅಟ್ಟದ ಮೇಲೆ ಅಂಥವು ಕಟ್ಟುಗಟ್ಟಲೆ ಬಿದ್ದಿದ್ದವು.