ಎಣಿಸಿದ ಬೀಡಿ, ಎಣಿಸದ ರೊಟ್ಟಿ: ನಿಪ್ಪಾಣಿ ಸೀಮೆಯ ತಾಯಂದಿರ ದುಡಿಮೆ ಮತ್ತು ಮನೆಯ ತೀರ್ಪು

ಮನೆಗೆಲಸದ ಬಹುಪಾಲು ಹೆಣ್ಣಿನ ಹೆಗಲ ಮೇಲಿದೆ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಮತವಿಲ್ಲ. 2024ರ ರಾಷ್ಟ್ರೀಯ ಕಾಲಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಇಷ್ಟು ದುಡಿದ ಮೇಲೂ ತಾಯಿ ಮನೆಯವರೆದುರು ತಪ್ಪಿತಸ್ಥಳಂತೆ ನಿಲ್ಲಬೇಕಾಗಿ ಬರುವುದೇಕೆ? ಭಿನ್ನಮತ ಹುಟ್ಟುವುದು ಇಲ್ಲಿ.

ಸಮಾಜವಿಜ್ಞಾನಿ ಮರಿಯಾ ಮೀಸ್ 1982ರಲ್ಲಿ ಪ್ರಕಟಿಸಿದ, ಆಂಧ್ರದ ನರಸಾಪುರದ ಲೇಸ್ ಹೆಣಿಗೆಗಾರ್ತಿಯರ ಅಧ್ಯಯನ ಇದಕ್ಕೊಂದು ಉತ್ತರ ಒದಗಿಸುತ್ತದೆ. ಈ ಹೆಂಗಸರನ್ನು ಬಿಡುವಿನಲ್ಲಿ ಕೈಯಾಡಿಸುವ ಗೃಹಿಣಿಯರೆಂದು ಬಗೆದದ್ದರಿಂದ ಅವರ ದುಡಿಮೆ ಕಣ್ಣಿಗೆ ಬೀಳದೆ ಹೋಯಿತು, ಕೂಲಿಯೂ ಕುಸಿಯಿತು ಎಂಬುದು ಮೀಸ್ ಅವರ ವಾದ. ಕೂಲಿಯ ಮಟ್ಟಿಗೆ ಈ ವಾದ ಗಟ್ಟಿ. ಮನೆಯವರ ಆಕ್ಷೇಪಣೆಗೂ ಇದೇ ಕಾರಣವೆನ್ನಲು ನಿಪ್ಪಾಣಿಯ ಸಾಕ್ಷ್ಯ ಅಡ್ಡಬರುತ್ತದೆ.

ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಂಬಾಕಿನ ಊರು. ಇಲ್ಲಿನ ತಂಬಾಕು ಕಾರ್ಖಾನೆಗಳ ಹೆಂಗಸರ ಹೋರಾಟವನ್ನು ದೀಪಾ ಧನರಾಜ್ ಮತ್ತು ಯುಗಾಂತರ ತಂಡ 1982ರಲ್ಲೇ ಸಾಕ್ಷ್ಯಚಿತ್ರವಾಗಿಸಿತು. ಬೀಡಿ ಕಟ್ಟುವ ಕೆಲಸ ಮಾತ್ರ ಮನೆಯ ಪಡಸಾಲೆಯಲ್ಲೂ ನಡೆಯುತ್ತದೆ. ಎಲೆ ನೆನೆಸಿ, ಕತ್ತರಿಸಿ, ತಂಬಾಕು ತುಂಬಿ, ಸುರುಳಿ ಸುತ್ತಿ ದಾರ ಬಿಗಿಯುವ ಕೈಗಳೇ ಅದೇ ದಿನ ರೊಟ್ಟಿಯನ್ನೂ ಬಡಿಯುತ್ತವೆ. ಎರಡೂ ಕೆಲಸ ಎಲ್ಲರ ಕಣ್ಣೆದುರಿಗೇ ನಡೆಯುತ್ತವೆ, ಎರಡನ್ನೂ ಪರೀಕ್ಷಿಸುವವರಿದ್ದಾರೆ. ಗುತ್ತಿಗೆದಾರ ಬೀಡಿಯನ್ನು ಆರಿಸಿ ತೆಗೆದುಹಾಕುತ್ತಾನೆ. ಮನೆಯವರು ರೊಟ್ಟಿ ಸೀದಿದ್ದನ್ನು, ಪಲ್ಯದ ಉಪ್ಪನ್ನು ಎತ್ತಿ ಆಡುತ್ತಾರೆ. ‘ಮನ್ಯಾಗ ಕುಂತು ಏನ್ ಮಾಡ್ತಿ?’ ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ.

ವ್ಯತ್ಯಾಸ ಇರುವುದು ಬೇರೆಡೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವಳನ್ನೂ ನೌಕರಳೆಂದು ಒಪ್ಪಿತು. 1974ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಸಾವಿರ ಬೀಡಿಗೆ ಇಷ್ಟೆಂದು ಕೂಲಿಯ ಲೆಕ್ಕವಿದೆ. ತಿರಸ್ಕೃತ ಬೀಡಿಯ ತಕರಾರನ್ನು ಅಧಿಕಾರಿಯ ಮುಂದೆ ಒಯ್ಯಲು ಆ ಕಾಯ್ದೆಯ 39ನೇ ಕಲಂ ದಾರಿ ಮಾಡಿಕೊಟ್ಟಿತ್ತು. ತಿರಸ್ಕೃತ ರೊಟ್ಟಿಗೆ ಅಳತೆಯೂ ಇಲ್ಲ, ಮೇಲ್ಮನವಿಯೂ ಇಲ್ಲ.

ಆದ್ದರಿಂದ ತಾಯಿಯನ್ನು ನೋಯಿಸುವುದು ಕೆಲಸದ ಅಗೋಚರತೆಗಿಂತ ಹೆಚ್ಚಾಗಿ ಉತ್ತರ ಕೊಡಲಾಗದ ತೀರ್ಪು ಎಂಬುದು ಈ ಲೇಖನದ ವಾದ. ಇದಕ್ಕೆ ಮಿತಿಗಳಿವೆ. ಕಲಂ ಇದ್ದ ಮಾತ್ರಕ್ಕೆ ಬೀಡಿ ಕಟ್ಟುವವಳಿಗೆ ನ್ಯಾಯ ದಕ್ಕುತ್ತಿತ್ತೆಂದಲ್ಲ. ಎಲ್ಲ ಮನೆಗಳೂ ಒಂದೇ ಬಗೆಯವಲ್ಲ. ತೀರ್ಪು ಕೊಡುವವರೆಲ್ಲ ಗಂಡಸರೂ ಅಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯೇ ಹೇಳುವಂತೆ ಇಂದು ತೀರ್ಪು ಕೊಡುವವಳು ನಿನ್ನೆ ಅದನ್ನು ತಲೆತಗ್ಗಿಸಿ ಕೇಳಿದವಳು.

ಹಣ ಬಂದರೆ ಆಕ್ಷೇಪಣೆ ಅಡಗೀತೆ? 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಕೊಡುತ್ತದೆ. ರಾಯಬಾಗ ತಾಲೂಕಿನ ಅಜ್ಜಿಯೊಬ್ಬರು 2024ರಲ್ಲಿ ಆ ಹಣದಿಂದ ಊರಿಗೇ ಹೋಳಿಗೆ ಊಟ ಹಾಕಿಸಿ ನಾಡಿನ ಮೆಚ್ಚುಗೆ ಪಡೆದರು. ಆದರೆ ಪಡಿತರ ಚೀಟಿಯಲ್ಲಿ ಯಜಮಾನಿ ಒಬ್ಬಳೇ; ಒಲೆಯ ಮುಂದೆ ಕೂರುವವಳು ಅವಳೇ ಆಗಿರಬೇಕೆಂದಿಲ್ಲ. ಗೃಹಿಣಿಯ ದುಡಿಮೆಗೆ ಬೆಲೆಯಿದೆಯೆಂದು ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಒತ್ತಿ ಹೇಳಿದ್ದೂ ಅಪಘಾತದಲ್ಲಿ ಸತ್ತವಳ ಪರಿಹಾರವನ್ನು ನಿಗದಿ ಮಾಡುವಾಗ.

ಗಂಡಸರೂ ಅಡುಗೆಗೆ ಕೈಹಾಕುವ ಮನೆಗಳಲ್ಲಿ ಈ ತೀರ್ಪು ಸಡಿಲವಾಗುತ್ತದೆಯೇ ಎಂಬ ಪ್ರಶ್ನೆ ಇನ್ನೂ ತೆರೆದಿದೆ. ನಿಮಿಷ ಎಣಿಸುವ ಸಮೀಕ್ಷೆ ಅದಕ್ಕೆ ಸಾಲದು. ಚಿಕ್ಕೋಡಿ, ಅಥಣಿ, ಕಾಗವಾಡದ ಮನೆಗಳಿಗೆ ಹೋಗುವ ಮುಂದಿನ ಸಂಶೋಧಕರು ಕೆಲಸ ಯಾರು ಮಾಡಿದರು ಎಂಬುದರ ಜೊತೆಗೆ, ಅದರಲ್ಲಿ ತಪ್ಪು ಹುಡುಕಿದವರು ಯಾರು ಎಂದೂ ಕೇಳಬೇಕು.