ಶೀತ ಹವೆಯಲ್ಲಿ ಆಟೋಮ್ಯಾಟಿಕ್ ಕಾರುಗಳ ಗೇರ್ ಬದಲಾವಣೆಯ ಒರಟುತನ: ವಾಹನ ಮಾಲೀಕರು ಹಾಗೂ ಖರೀದಿದಾರರಿಗೆ ಮಾಹಿತಿ

1. ಪೀಠಿಕೆ

ಆಟೋಮ್ಯಾಟಿಕ್ ಗೇರ್ ವ್ಯವಸ್ಥೆಯುಳ್ಳ ಕಾರುಗಳು ಚಳಿಗಾಲದ ಬೆಳಗಿನಲ್ಲಿ ಜಗ್ಗುವುದು, ಗೇರ್ ತಡವಾಗಿ ಬೀಳುವುದು, ಎಂಜಿನ್ ಹೆಚ್ಚು ವೇಗದಲ್ಲಿ ತಿರುಗುತ್ತಿದ್ದರೂ ಮುಂದಿನ ಗೇರಿಗೆ ಹೋಗದಿರುವುದು ಸಾಮಾನ್ಯವಾಗಿ ಕಂಡುಬರುವ ಸಂಗತಿ. ಇದರಲ್ಲಿ ಸಹಜವಾದದ್ದು ಯಾವುದು, ದೋಷ ಯಾವುದು ಎಂಬುದನ್ನು ಅರಿಯದೆ ಕೆಲವರು ಅನಗತ್ಯ ದುರಸ್ತಿಗೆ ಹಣ ವ್ಯಯಿಸುತ್ತಾರೆ. ಕೆಲವರು ನಿಜವಾದ ದೋಷವನ್ನು ಚಳಿಯ ಪರಿಣಾಮವೆಂದು ಕಡೆಗಣಿಸುತ್ತಾರೆ. ಯಾಂತ್ರಿಕ ಸವಕಳಿ ಹಾಗೂ ಯಾಂತ್ರಿಕ ವೈಫಲ್ಯಗಳು ಸಾಮಾನ್ಯ ಮೋಟಾರು ವಿಮಾ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ, ವಾರಂಟಿ ಮುಗಿದ ವಾಹನದ ದುರಸ್ತಿ ವೆಚ್ಚವನ್ನು ಮಾಲೀಕರೇ ಭರಿಸಬೇಕಾಗುತ್ತದೆ. ಆದ್ದರಿಂದ ಈ ಕೆಳಕಂಡ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ನೀಡಲಾಗಿದೆ.

2. ಶೀತದಲ್ಲಿ ಒರಟುತನ ಉಂಟಾಗಲು ಕಾರಣಗಳು

ಅ) ಎಣ್ಣೆಯ ಸ್ನಿಗ್ಧತೆ: ಟಾರ್ಕ್ ಕನ್ವರ್ಟರ್ ಮಾದರಿಯ ಗೇರ್ ಪೆಟ್ಟಿಗೆಯಲ್ಲಿ ಎಣ್ಣೆಯು ಕೇವಲ ಜಾರಿಕೆಗಾಗಿ ಇರುವುದಿಲ್ಲ. ಎಂಜಿನ್ನಿನ ಶಕ್ತಿಯನ್ನು ಸಾಗಿಸುವುದೂ, ಒತ್ತಡದಿಂದ ಕ್ಲಚ್ ಪ್ಲೇಟುಗಳನ್ನು ಬಿಗಿಹಿಡಿಯುವುದೂ ಅದೇ ಎಣ್ಣೆ. ಈಗ ಬಳಕೆಯಲ್ಲಿರುವ ಸಾಮಾನ್ಯ ಎಣ್ಣೆಯ ಸ್ನಿಗ್ಧತೆಯು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 6 ಸೆಂಟಿಸ್ಟೋಕ್ಸ್ ಇದ್ದರೆ, 40 ಡಿಗ್ರಿಯಲ್ಲಿ ಸುಮಾರು 30 ಇರುತ್ತದೆ. ಶೂನ್ಯದ ಸಮೀಪ ಅದು ಮತ್ತೂ ಹಲವು ಪಟ್ಟು ಏರುತ್ತದೆ. ಮಂದವಾದ ಎಣ್ಣೆಯು ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ನಿಧಾನವಾಗಿ ಹರಿಯುವುದರಿಂದ ಕ್ಲಚ್ ತಡವಾಗಿ ಹಿಡಿಯುತ್ತದೆ, ನಂತರ ಒಮ್ಮೆಲೇ ಬಿಗಿಯಾಗುತ್ತದೆ. ಇದೇ ಜಗ್ಗುವಿಕೆಯಾಗಿ ಅನುಭವಕ್ಕೆ ಬರುತ್ತದೆ.

ಆ) ನಿಯಂತ್ರಣ ಘಟಕದ ಆದೇಶ: ಗೇರ್ ಪೆಟ್ಟಿಗೆಯ ಕಂಪ್ಯೂಟರು ಎಣ್ಣೆಯ ತಾಪಮಾನವನ್ನು ಅರಿತು, ಶೀತವಿದ್ದಾಗ ಮೇಲಿನ ಗೇರಿಗೆ ಹೋಗುವುದನ್ನು ಉದ್ದೇಶಪೂರ್ವಕವಾಗಿ ತಡಮಾಡುತ್ತದೆ, ಟಾರ್ಕ್ ಕನ್ವರ್ಟರಿನ ಲಾಕ್-ಅಪ್ ಕ್ಲಚ್ಚನ್ನೂ ತಡೆಹಿಡಿಯುತ್ತದೆ. ಎಂಜಿನ್ ಮತ್ತು ಎಣ್ಣೆ ಬೇಗ ಬಿಸಿಯಾಗಲಿ ಎಂಬುದೇ ಇದರ ಉದ್ದೇಶ. ಇದು ದೋಷವಲ್ಲ.

ಇ) ರಬ್ಬರ್ ಸೀಲುಗಳು: ಹಳೆಯ ಕಾರುಗಳಲ್ಲಿ ಒಳಗಿನ ಸೀಲುಗಳು ಗಡುಸಾಗಿರುತ್ತವೆ. ಶೀತದಲ್ಲಿ ಅವು ಮತ್ತಷ್ಟು ಕುಗ್ಗಿ ಒತ್ತಡವು ಸೋರಿಹೋಗುತ್ತದೆ. ಬಿಸಿಯಾದ ಮೇಲೆ ಸರಿಹೋದಂತೆ ತೋರುತ್ತದೆ. ಇದು ಸವಕಳಿಯ ಮೊದಲ ಲಕ್ಷಣ.

ಈ) ಬ್ಯಾಟರಿ: ಚಳಿಯಲ್ಲಿ ಬ್ಯಾಟರಿಯ ಸಾಮರ್ಥ್ಯ ಕುಗ್ಗುತ್ತದೆ. ವೋಲ್ಟೇಜ್ ಕಡಿಮೆಯಾದಲ್ಲಿ ಎಣ್ಣೆಯ ಒತ್ತಡವನ್ನು ನಿಯಂತ್ರಿಸುವ ಸಾಲೆನಾಯ್ಡುಗಳು ಸರಿಯಾಗಿ ಕೆಲಸ ಮಾಡದಿರಬಹುದು. ಗೇರ್ ಪೆಟ್ಟಿಗೆಯನ್ನು ಬಿಚ್ಚಿಸುವ ಮುನ್ನ ಬ್ಯಾಟರಿಯನ್ನು ಪರೀಕ್ಷಿಸುವುದು ಕಡಿಮೆ ಖರ್ಚಿನ ಕ್ರಮವಾಗಿರುತ್ತದೆ.

ಉ) ಥರ್ಮೋಸ್ಟಾಟ್: ಬಹಳಷ್ಟು ಕಾರುಗಳಲ್ಲಿ ಗೇರ್ ಎಣ್ಣೆಯು ರೇಡಿಯೇಟರ್ ನೀರಿನ ಸಂಪರ್ಕದಿಂದಲೇ ಹದವಾದ ತಾಪಮಾನಕ್ಕೆ ಬರುತ್ತದೆ. ಥರ್ಮೋಸ್ಟಾಟ್ ತೆರೆದೇ ನಿಂತಿದ್ದರೆ ಎಂಜಿನ್ ಬಿಸಿಯಾಗುವುದು ತಡವಾಗಿ, ಒರಟುತನ ಹೆಚ್ಚು ಹೊತ್ತು ಮುಂದುವರಿಯುತ್ತದೆ.

3. ಗೇರ್ ಪೆಟ್ಟಿಗೆಯ ವಿಧವಾರು ವ್ಯತ್ಯಾಸ

- ಎ.ಎಂ.ಟಿ.: ಇದು ಸಾಧಾರಣ ಗೇರ್ ಪೆಟ್ಟಿಗೆಗೇ ಯಂತ್ರಚಾಲಿತ ಕ್ಲಚ್ ಅಳವಡಿಸಿದ ವ್ಯವಸ್ಥೆ. ಗೇರ್ ಬದಲಾಗುವಾಗ ಅಲ್ಪ ಜಗ್ಗು ಎಲ್ಲ ಹವೆಯಲ್ಲಿಯೂ ಇರುತ್ತದೆ.
- ಸಿ.ವಿ.ಟಿ.: ಗೇರುಗಳ ಮೆಟ್ಟಿಲುಗಳಿರುವುದಿಲ್ಲ. ಶೀತದಲ್ಲಿ ಎಂಜಿನ್ ಹೆಚ್ಚು ವೇಗದಲ್ಲಿ ತಿರುಗುವುದು ಸಹಜ. ನಡುಕ ಅಥವಾ ಕೀರಲು ಸದ್ದು ಸಹಜವಲ್ಲ.
- ಡ್ಯುಯಲ್ ಕ್ಲಚ್: ತಣ್ಣಗಿರುವಾಗ ಕೆಳಗಿನ ಗೇರುಗಳ ನಡುವೆ ಲಘು ಒರಟುತನವಿರಬಹುದು.
- ವಿದ್ಯುತ್ ಕಾರುಗಳು: ಬಹುತೇಕ ಕಾರುಗಳಿಗೆ ಒಂದೇ ಗೇರ್ ಅನುಪಾತವಿರುವುದರಿಂದ ಈ ಮಾಹಿತಿ ಅನ್ವಯಿಸುವುದಿಲ್ಲ.

4. ಸಹಜ ಲಕ್ಷಣ ಮತ್ತು ದೋಷದ ಲಕ್ಷಣ

ಸಹಜವೆಂದು ಪರಿಗಣಿಸಬಹುದಾದವು: ರಾತ್ರಿಯಿಡೀ ನಿಂತ ಕಾರು ಹೊರಟ ಮೊದಲ ಕೆಲವು ನಿಮಿಷಗಳಿಗೆ ಮಾತ್ರ ಸೀಮಿತವಾದ ತಡ ಅಥವಾ ಲಘು ಜಗ್ಗು, ಪ್ರತಿದಿನ ಒಂದೇ ಪ್ರಮಾಣದಲ್ಲಿರುವುದು, ಎಂಜಿನ್ ಬಿಸಿಯಾದೊಡನೆ ಪೂರ್ಣವಾಗಿ ಮಾಯವಾಗುವುದು.

ತಪಾಸಣೆ ಅಗತ್ಯವಾದವು:
- ಬಿಸಿಯಾದ ನಂತರವೂ ಮುಂದುವರಿಯುವ ಜಗ್ಗು ಅಥವಾ ಜಾರುವಿಕೆ
- 'ಡಿ' ಅಥವಾ 'ಆರ್' ಸ್ಥಾನಕ್ಕೆ ಹಾಕಿದ ಮೇಲೆ ಹಲವು ಸೆಕೆಂಡು ಕಳೆದರೂ ಗೇರ್ ಹಿಡಿಯದಿರುವುದು
- ಎಚ್ಚರಿಕೆಯ ದೀಪ ಬೆಳಗುವುದು, ಕಾರು ಒಂದೇ ಗೇರಿನಲ್ಲಿ ಉಳಿಯುವುದು
- ಕಾರಿನ ಕೆಳಗೆ ಎಣ್ಣೆಯ ಕಲೆ, ಸುಟ್ಟ ವಾಸನೆ
- ವಾರದಿಂದ ವಾರಕ್ಕೆ ಹೆಚ್ಚುತ್ತಿರುವ ತಡ

ಕೊನೆಯ ಲಕ್ಷಣವನ್ನು ಗುರುತಿಸಲು ನೆನಪು ಸಾಲದು. ಮಾಲೀಕರು ಎರಡು ವಾರಗಳ ಕಾಲ ದಿನಾಂಕ, ಹೊರಗಿನ ತಾಪಮಾನ, ಗೇರ್ ಹಿಡಿಯಲು ತಗುಲಿದ ಸಮಯ, ಎಷ್ಟು ಕಿಲೋಮೀಟರ್ ನಂತರ ಸರಿಯಾಯಿತು ಎಂಬ ನಾಲ್ಕು ಅಂಶಗಳನ್ನು ಬರೆದಿಡುವುದು ಸೂಕ್ತ. ಸಮಾನ ತಾಪಮಾನದ ದಿನಗಳನ್ನು ಮಾತ್ರ ಹೋಲಿಸತಕ್ಕದ್ದು. ಸರ್ವಿಸ್ ಸೆಂಟರಿನಲ್ಲಿ ಕಾರು ಬಿಸಿಯಾಗಿಯೇ ತಲುಪುವುದರಿಂದ ದೋಷ ಕಾಣದೇ ಹೋಗಬಹುದು. ಅಂತಹ ಸಂದರ್ಭದಲ್ಲಿ ಈ ಬರಹವನ್ನು ಹಾಜರುಪಡಿಸಿ, ಕಾರನ್ನು ರಾತ್ರಿ ಅಲ್ಲಿಯೇ ಬಿಟ್ಟು ಬೆಳಿಗ್ಗೆ ಪರೀಕ್ಷಿಸುವಂತೆ ಕೋರಬಹುದು.

5. ಶೀತ ಪ್ರದೇಶದಲ್ಲಿ ಅನುಸರಿಸಬೇಕಾದ ಕ್ರಮ

ಲೇಹ್‌ನಲ್ಲಿ ಜನವರಿ ರಾತ್ರಿಗಳ ತಾಪಮಾನ ಶೂನ್ಯಕ್ಕಿಂತ 10 ಡಿಗ್ರಿಗೂ ಕೆಳಗೆ, ದ್ರಾಸ್‌ನಲ್ಲಿ 20 ಡಿಗ್ರಿಗೂ ಕೆಳಗೆ ಇಳಿಯುವುದುಂಟು. ಅಂತಹ ಕಡೆ ಜಾರುವ ರಸ್ತೆಯಲ್ಲಿ ಗೇರ್ ಒಮ್ಮೆಲೇ ಹಿಡಿದರೆ ಚಕ್ರ ಜಾರಿ ಅಪಘಾತವಾಗುವ ಸಂಭವವಿದೆ.

- ಎಂಜಿನ್ ಚಾಲೂ ಮಾಡಿ, ಅದರ ವೇಗ ಇಳಿಯುವವರೆಗೆ, ಸುಮಾರು ಒಂದು ನಿಮಿಷ, ಬ್ರೇಕ್ ಒತ್ತಿ ಕಾಯತಕ್ಕದ್ದು.
- ಗೇರ್ ಹಾಕಿದ ಮೇಲೆ ಅದು ಹಿಡಿಯುವವರೆಗೆ ಆಕ್ಸಿಲರೇಟರ್ ಒತ್ತಬಾರದು. ಇಳಿಜಾರಿನಲ್ಲಿ ಕಾರು ಹಿಂದಕ್ಕೆ ಉರುಳಬಹುದಾದ್ದರಿಂದ ಬ್ರೇಕನ್ನು ಮೊದಲೇ ಬಿಡಬಾರದು.
- ಮೊದಲ ಕೆಲವು ಕಿಲೋಮೀಟರ್ ಮೆಲ್ಲನೆ ಚಲಿಸತಕ್ಕದ್ದು. ನಿಂತಲ್ಲಿಯೇ ದೀರ್ಘಕಾಲ ಎಂಜಿನ್ ಓಡಿಸುವುದರಿಂದ ಗೇರ್ ಎಣ್ಣೆ ಬೇಗ ಬಿಸಿಯಾಗುವುದಿಲ್ಲ.
- ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಕೂಡದು. ಕಾರ್ಬನ್ ಮಾನಾಕ್ಸೈಡ್ ಅನಿಲವು ಪ್ರಾಣಾಪಾಯಕಾರಿ.
- ಹಿಮದ ರಸ್ತೆಗೆಂದು ಪ್ರತ್ಯೇಕ ಆಯ್ಕೆ ಇದ್ದಲ್ಲಿ ಅದನ್ನು ಬಳಸತಕ್ಕದ್ದು.

6. ಗೇರ್ ಎಣ್ಣೆಯ ಬಗ್ಗೆ ಎಚ್ಚರಿಕೆ

ಮಾಲೀಕರ ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯ ಎಣ್ಣೆಯನ್ನೇ ಬಳಸತಕ್ಕದ್ದು. ಟಾರ್ಕ್ ಕನ್ವರ್ಟರ್, ಸಿ.ವಿ.ಟಿ. ಹಾಗೂ ಡ್ಯುಯಲ್ ಕ್ಲಚ್ ಪೆಟ್ಟಿಗೆಗಳ ಎಣ್ಣೆಗಳು ಬೇರೆ ಬೇರೆ. ಒಂದರ ಬದಲು ಮತ್ತೊಂದನ್ನು ಹಾಕಿದರೆ ಪೆಟ್ಟಿಗೆ ಕೆಡುತ್ತದೆ. ಎಣ್ಣೆಯು ಬಿಸಿಯಾದಾಗ ಹಿಗ್ಗುವುದರಿಂದ ಅದರ ಮಟ್ಟವನ್ನು ತಯಾರಕರು ಹೇಳಿದ ತಾಪಮಾನದಲ್ಲಿಯೇ ನೋಡಬೇಕು. ಎಣ್ಣೆ ಬದಲಿಸಿದ ಬಿಲ್ಲುಗಳನ್ನು ವಾರಂಟಿ ಕೋರಿಕೆಗಾಗಿ ಕಾಯ್ದಿರಿಸತಕ್ಕದ್ದು.

7. ಬಳಸಿದ ಕಾರನ್ನು ಖರೀದಿಸುವವರ ಗಮನಕ್ಕೆ

ಮಾರಾಟಗಾರರು ಕಾರನ್ನು ಮೊದಲೇ ಬಿಸಿ ಮಾಡಿಟ್ಟಿದ್ದರೆ ದೋಷ ಕಾಣುವುದಿಲ್ಲ. ಬೆಳಗಿನ ಮೊದಲ ಚಾಲನೆಯನ್ನು ಖರೀದಿದಾರರೇ ಮಾಡುವಂತೆ ಗೊತ್ತುಪಡಿಸಿಕೊಳ್ಳಬೇಕು; ಬಾನೆಟ್ ಮುಟ್ಟಿ ತಣ್ಣಗಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ (13 ಜನವರಿ 1884). ಶೂನ್ಯಕ್ಕಿಂತ ಬಹು ಕೆಳಗೂ ಕೆಲಸ ಮಾಡುವಂತೆ ತಯಾರಾದ ಎಣ್ಣೆಗೆ ಇದು ತೀವ್ರ ಶೀತವಲ್ಲ. ಆದುದರಿಂದ ಇಲ್ಲಿನ ಹವೆಯಲ್ಲಿ ತೀವ್ರವಾಗಿ ಜಗ್ಗುವ ಕಾರಿನ ಬಗ್ಗೆ "ಚಳಿಗೆ ಹೀಗಾಗುತ್ತದೆ" ಎಂಬ ಸಮಜಾಯಿಷಿಯನ್ನು ಒಪ್ಪದೆ ತಪಾಸಣೆ ಮಾಡಿಸುವುದು ಕ್ಷೇಮ.

ನಮೂನೆ 29 ಮತ್ತು 30ರಲ್ಲಿ ಸಹಿ ಮಾಡುವ ಮುನ್ನವೇ ಈ ತಪಾಸಣೆ ಮುಗಿದಿರಬೇಕು. ಮಾಲೀಕತ್ವದ ವರ್ಗಾವಣೆಯು ನೋಂದಣಿ ದಾಖಲೆಯ ಬದಲಾವಣೆಯೇ ಹೊರತು ವಾಹನದ ಯಾಂತ್ರಿಕ ಸ್ಥಿತಿಗೆ ನೀಡುವ ಖಾತರಿಯಲ್ಲ. ವ್ಯಾಪಾರಿಗಳಿಂದ ಖರೀದಿಸಿದ ಕಾರಿನ ದೋಷದ ಬಗ್ಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು.

8. ಶೀತ ಪ್ರದೇಶದ ರಾಜ್ಯಗಳಿಗೆ ಕಾರು ಕೊಂಡೊಯ್ಯುವವರಿಗೆ

ವರ್ಗಾವಣೆ ಅಥವಾ ಸೇವೆಯ ನಿಮಿತ್ತ ಹೊರರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಕಾರನ್ನು ಇರಿಸಿಕೊಳ್ಳುವವರು ಮೋಟಾರು ವಾಹನ ಕಾಯ್ದೆ 1988ರ ಕಲಂ 47ರಂತೆ ಅಲ್ಲಿನ ನೋಂದಣಿ ಸಂಖ್ಯೆಗಾಗಿ ಅರ್ಜಿ ಸಲ್ಲಿಸಬೇಕು. ಇದಕ್ಕಾಗಿ ಹೊರಡುವ ಮುನ್ನ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಕೋರತಕ್ಕದ್ದು. ಅದೇ ಅವಧಿಯಲ್ಲಿ ಬ್ಯಾಟರಿ, ರೇಡಿಯೇಟರ್ ದ್ರವ ಹಾಗೂ ಗೇರ್ ಎಣ್ಣೆಯನ್ನೂ ಪರೀಕ್ಷಿಸಿಕೊಂಡಲ್ಲಿ ಬೆಟ್ಟದ ರಸ್ತೆಯಲ್ಲಿ ತೊಂದರೆ ಎದುರಾಗುವ ಸಂಭವ ಕಡಿಮೆಯಾಗುತ್ತದೆ.

ಸೂಚನೆ: ಮೇಲ್ಕಂಡ ಮಾಹಿತಿಯು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಮಾತ್ರ. ತಯಾರಕರ ಕೈಪಿಡಿಯಲ್ಲಿನ ಸೂಚನೆಗಳು ಇದಕ್ಕಿಂತ ಭಿನ್ನವಾಗಿದ್ದಲ್ಲಿ ಕೈಪಿಡಿಯನ್ನೇ ಅನುಸರಿಸತಕ್ಕದ್ದು.